ಇಳಿಯದ ಜಾಕು

ಹೊಸ ಟೈರು ಹಾಕಿದರೆ ಅದರ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಬೇಕು. ನಿಡಘಟ್ಟದ ನನ್ನ ಟೈರು ಅಂಗಡಿಗೆ ಬರುವವರು ಯಾರೂ ಇದನ್ನು ತಪ್ಪಿಸುವುದಿಲ್ಲ. ಟ್ರ್ಯಾಕ್ಟರಾಗಲಿ ಹಾಲಿನ ಟೆಂಪೋ ಆಗಲಿ, ಚಕ್ರ ಕೂತಿತು ಅಂದರೆ ಮೊದಲು ನಿಂಬೆಹಣ್ಣು ಕೇಳುತ್ತಾರೆ. ಅದಕ್ಕೇ ನಟ್ಟು ಬೋಲ್ಟಿನ ಡಬ್ಬದ ಪಕ್ಕ ಒಂದು ಪುಟ್ಟಿ ನಿಂಬೆಹಣ್ಣು ಯಾವಾಗಲೂ ಇರುತ್ತದೆ. ನನ್ನ ಬಾಮೈದ ಲಿಂಗರಾಜುವಿನ ಬಲಗೈ ಹಾಳಾಗಿದ್ದು ಈ ಅಭ್ಯಾಸದಿಂದ.

ಅಂಗಡಿಯಲ್ಲಿ ನಾವು ಮೂವರು. ನಾನು, ಲಿಂಗರಾಜು, ಮತ್ತೆ ನಮ್ಮೂರಿನವನೇ ಆದ ಪುನೀತ್. ಹೊಸ ಹೆದ್ದಾರಿ ಆದಮೇಲೆ ನಮ್ಮ ಹಳೇ ರಸ್ತೆಯಲ್ಲಿ ಗಾಡಿ ಕಡಿಮೆಯಾಯಿತು. ಸುಮ್ಮನೆ ಕೂರಲಾಗದೆ ಮಣ್ಣಿನ ರೇಸುಗಳಿಗೆ ಚಕ್ರ ಬದಲಿಸುವ ಕೆಲಸಕ್ಕೆ ಹೋಗತೊಡಗಿದೆವು. ಕಬ್ಬು ಕಡಿದ ಮೇಲೆ ಕೂಳೆ ಕಿತ್ತು, ಗದ್ದೆ ಮಟ್ಟ ಮಾಡಿ, ಟ್ಯಾಂಕರಿನಲ್ಲಿ ನೀರು ಹೊಡೆದು, ಸುತ್ತಲೂ ಹಗ್ಗ ಕಟ್ಟಿ ಹಳೇ ಕಾರು ಓಡಿಸುತ್ತಾರೆ. ಓಟವೆಲ್ಲ ಬಲಕ್ಕೆ ತಿರುಗುವುದು, ಹಾಗಾಗಿ ಎಡಗಡೆಯ ಟೈರು ಬೇಗ ಸವೆಯುತ್ತದೆ. ಓಟದ ನಡುವೆ ಕಾರು ಒಳಗೆ ಬಂದು ಎಡಗಡೆಯ ಎರಡೂ ಚಕ್ರ ಬದಲಿಸಿಕೊಂಡು ಹೋಗಬೇಕು ಅನ್ನುವುದು ನಿಯಮ. ಒಬ್ಬ ಜಾಕು ಎತ್ತುತ್ತಾನೆ, ಇಬ್ಬರು ಏರ್ ಗನ್ನಿನಲ್ಲಿ ನಟ್ಟು ಬಿಚ್ಚಿ ಕಟ್ಟುತ್ತಾರೆ. ಜಾಕು ಇಳಿದು ಚಕ್ರ ನೆಲ ಮುಟ್ಟಿದ್ದೇ ತಡ, ಡ್ರೈವರು ಯಾರ ಮುಖವನ್ನೂ ನೋಡುವುದಿಲ್ಲ, ಹೊರಟುಬಿಡುತ್ತಾನೆ.

ಹೋದ ವರ್ಷ ಬಸರಾಳಿನ ಹತ್ತಿರ ರೇಸು. ಮದ್ದೂರಿನ ಶಶಿಧರ್ ಎಂಬವನ ಕಾರಿಗೆ ನಾವು ಕೆಲಸ ಮಾಡುತ್ತಿದ್ದೆವು. ಅವನು ವಾರವೆಲ್ಲ ಕಾರ್ಖಾನೆಯ ಕೆಲಸಕ್ಕೆ ಹೋಗುವವನು, ಭಾನುವಾರ ಬಂದರೆ ಸ್ಟಿಯರಿಂಗು ಬಿಡದವನು. ಅವನ ತಾಯಿ ಬೆಟ್ಟಮ್ಮ ಮಗನ ಪ್ರತಿ ರೇಸಿಗೂ ಬರುತ್ತಾಳೆ. ಅವತ್ತು ಹೊಸ ಚಕ್ರ ಕೂತ ಕೂಡಲೇ ಆಯಮ್ಮ ಹಗ್ಗದ ಆಚೆಯಿಂದ, "ಲಿಂಗರಾಜಪ್ಪ, ಇದೊಂದ್ ಇಡಪ್ಪ ಅದರ ಕೆಳ್ಗೆ" ಅಂತ ನಿಂಬೆಹಣ್ಣು ಕೊಟ್ಟಳು. ಅವನು ಅಂಗಡಿಯಲ್ಲಿ ಸಾವಿರ ಸಲ ಮಾಡಿದ ಹಾಗೆ ಕೂತು ಚಕ್ರದ ಮುಂದೆ ಕೈ ಚಾಚಿದ. ಜಾಕಿನಲ್ಲಿದ್ದ ಪುನೀತ್‌ಗೆ ಅದು ಕಾಣಲಿಲ್ಲ. ಇಳಿಸಿದ. ಚಕ್ರ ಕೈಮೇಲೆ ಹೋಯಿತು.

ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಪುನೀತ್ ಅವತ್ತಿನಿಂದ ಜಾಕು ಮುಟ್ಟುವುದಿಲ್ಲ ಅಂತ ಕೂತ. ಲಿಂಗರಾಜು ಸ್ಪ್ಯಾನರು ಹಿಡಿಯಲಾರದೆ ಅಂಗಡಿಯ ಹಳೇ ಟೈರುಗಳ ಮೇಲೆ ಕೂತಿರುತ್ತಿದ್ದ. ಗಿರಾಕಿ ಬಂದರೆ ಎದ್ದು ನಿಲ್ಲುತ್ತಿದ್ದ, ಏನೂ ಮಾಡಲಾಗದೆ ಮತ್ತೆ ಕೂರುತ್ತಿದ್ದ. ನನಗೆ ಅದನ್ನು ನೋಡಿ ನೋಡಿ ತಲೆ ಕೆಡುತ್ತಿತ್ತು.

"ಮನೆಗಾದ್ರೂ ಓಗ್ಲಾ, ಯಾಕೆ ಇಲ್ಲಿ ಗೂಬೆ ಅಂಗೆ ಕುಂತಿದ್ದೀಯಾ" ಅಂತ ಒಂದು ದಿನ ರೇಗಿದೆ.

"ಮನೇಲಿ ಕುಂತು ಏನ್ ಮಾಡಾನ ಬಾವ? ಎಡ್ತಿ ಗಾರ್ಮೆಂಟ್ಸ್‌ಗೆ ಓಯ್ತಾಳೆ. ಬರಿ ಗ್ವಾಡೆ ನೋಡಾದಾ?" ಅಂದ. ಆಮೇಲೆ ಮೆಲ್ಲಗೆ, "ಜಾಕಿಗೆ ಬೆರಳು ಬ್ಯಾಡ ಬಾವ. ಎತ್ತಾಕೆ ಬಲ ಮೊಣಕೈಲಿ ಹಿಡಿ ಒತ್ತೀನಿ, ಇಳ್ಸಾಕೆ ಎಡಗೈಲಿ ತಿರುಗುಸ್ತೀನಿ. ಒಂದ್ ಸಲ ನೋಡು" ಅಂದ.

ನೋಡಿದೆ. ಹಾಲಿನ ಟೆಂಪೋ ಎತ್ತಿದ, ಟ್ರ್ಯಾಕ್ಟರ್ ಟ್ರೈಲರ್ ಎತ್ತಿದ. ಬೆವರು ಸುರಿಯಿತು, ಆದರೆ ಜಾಕು ಅವನ ಮಾತು ಕೇಳಿತು.

ಈ ವರ್ಷ ಮಳವಳ್ಳಿ ರಸ್ತೆಯ ಪಕ್ಕದ ಗದ್ದೆಯಲ್ಲಿ ರೇಸು. ಶಶಿಧರ್ ಅಂಗಡಿಗೆ ಬಂದಾಗ ಲಿಂಗರಾಜು ಜಾಕು ಹಿಡಿಯುತ್ತಾನೆ ಅಂತ ಹೇಳಿದೆ. ಅವನ ಮುಖ ಹುಳ್ಳಗಾಯಿತು.

"ಬೋರಣ್ಣ, ನಿನ್ ಬಾಮೈದ ಅಂತ ಕೈಲಾಗ್ದೋನ್ಗೆ ಜಾಕ್ ಕೊಡ್ತೀಯಲ್ಲ, ಇದೇನ್ ಮದ್ವೆ ಮನೆ ಊಟ ಬಡ್ಸೋ ಕೆಲ್ಸನಾ?"

"ಅವನ ಕೈ ಓಗಿದ್ದು ಯಾರ್ ಕಾರಿನ್ ಕೆಳ್ಗೆ? ಅದನ್ನೂ ಯೋಳ್ಬುಡು" ಅಂದೆ.

ಶಶಿಧರ್ ಹೊರಡಲು ತಿರುಗಿ ನಿಂತ. "ಆಯ್ತು, ಇದೊಂದ್ ಸಲ. ಜಾಕ್ ತಡ ಆಯ್ತೋ, ಮುಂದಿನ ರೇಸ್ಗೆ ಮೈಸೂರಿಂದ ಬ್ಯಾರೆಯೋರ್ನ ಕರ್ಕೊಬತ್ತೀನಿ. ಆಮ್ಯಾಕೆ ನನ್ನ ಬಯ್ಬ್ಯಾಡ."

ಲಿಂಗರಾಜು ಟೈರಿನ ಮೇಲೆ ಕೂತೇ ಎಲ್ಲ ಕೇಳಿಸಿಕೊಂಡ. ಈ ಕೆಲಸವೂ ಹೋದರೆ ಅವನು ಮತ್ತೆ ಎದ್ದು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಹೋದ ವರ್ಷದ ಹಾಗೆ ಆಗಬಾರದು ಅಂತ ಒಂದು ಕ್ರಮ ಮಾಡಿದೆ. ಚಪ್ಪಲಿ ಇಲ್ಲ, ಎಲ್ಲರಿಗೂ ಬೂಟು, ತಲೆಗೆ ಹೆಲ್ಮೆಟ್ಟು. ಗದ್ದೆಯ ಮಣ್ಣಿನಲ್ಲಿ ಜಾಕು ಹೂತುಕೊಳ್ಳುತ್ತದೆ, ಅದಕ್ಕೆ ಕೆಳಗೆ ದಪ್ಪ ಹಲಗೆ. ಕಾರು ನಿಲ್ಲುವ ಜಾಗದ ಹಿಂದೆ ನೆಲದ ಮೇಲೆ ಒಂದು ಬಿಳಿ ಹಗ್ಗ. ಚಕ್ರ ಕಟ್ಟಿದ ಮೇಲೆ ನಾನೂ ಪುನೀತೂ ಕಾರಿನ ಹಿಂದೆ ಓಡಿ, ಹಗ್ಗ ದಾಟಿ, ಎರಡೂ ಕೈ ಮೇಲೆತ್ತಬೇಕು. ನಾಲ್ಕು ಕೈ ಕಂಡ ಮೇಲೆ ಲಿಂಗರಾಜು ಜಾಕು ಇಳಿಸಬೇಕು. ಕಾರಿನ ಮುಂದಕ್ಕೆ ಯಾರೂ ಹೋಗಕೂಡದು, ಪ್ರಾಣ ಹೋದರೂ ಹೋಗಕೂಡದು.

ರೇಸಿನ ದಿನ ಬೆಳಿಗ್ಗೆ ಬೆಟ್ಟಮ್ಮ ಹತ್ತಿರ ಬಂದಳು. ಸೆರಗಿನ ತುದಿಯಲ್ಲಿ ಗಂಟು.

"ಬೋರಪ್ಪ, ನಡುವೆ ಚಕ್ರ ಬದಲಾಯ್ಸುವಾಗ..."

"ನಿಂಬೆಹಣ್ಣಾ?" ಅಂದೆ. ಅಷ್ಟಕ್ಕೇ ನನ್ನ ತಲೆಗೆ ಏರಿತು. "ಒಂದ್ ಕೈ ಓಗಿದ್ದು ಸಾಲ್ದೇನವ್ವ ನಿಂಗೆ? ಇನ್ಯಾರ್ದು ಬೇಕು, ನಂದಾ? ಬೇಕಾದ್ರೆ ಈಗ್ಲೇ ನಿಂತಿರೋ ಕಾರಿಗೆ ಇಡು, ಪೂಜೆ ಮಾಡು, ತೆಂಗಿನಕಾಯಿ ಒಡಿ. ಆ ಹೊತ್ನಲ್ಲಿ ನೀನು ಈ ಕಡೆ ತಲೆ ಹಾಕುದ್ರೆ ನಾನು ಮನುಷ್ಯ ಅಲ್ಲ!"

ಸುತ್ತಲಿದ್ದವರು ತಿರುಗಿ ನೋಡಿದರು. ಬೆಟ್ಟಮ್ಮ ಲಿಂಗರಾಜುವಿನ ಕೈಯನ್ನು ಒಮ್ಮೆ ನೋಡಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಂಡಾಲಿಗೆ ಹೋದಳು.

"ವಯಸ್ಸಾದೋರ್ಗೆ ಅಂಗಾ ಬಯ್ಯಾದು ಬಾವ?" ಅಂದ ಲಿಂಗರಾಜು.

"ನೀನ್ ಸುಮ್ಕಿರ್ಲಾ. ಜಾಕ್ ನೋಡ್ಕೊ."

ಓಟ ಶುರುವಾಯಿತು. ಶಶಿಧರ್ ಚೆನ್ನಾಗಿಯೇ ಓಡಿಸುತ್ತಿದ್ದ. ಅರ್ಧ ಮುಗಿದಾಗ ಅವನೇ ಮುಂದಿದ್ದ. ಧೂಳೆಬ್ಬಿಸಿಕೊಂಡು ಒಳಗೆ ಬಂದು ನಮ್ಮ ಜಾಗದಲ್ಲಿ ನಿಂತ. ಲಿಂಗರಾಜು ಹಲಗೆಯನ್ನು ಒದ್ದು ಕಾರಿನಡಿಗೆ ಸರಿಸಿ, ಜಾಕನ್ನು ಕಾರಿನ ಹೊಟ್ಟೆಯ ಕೆಳಗೆ ನೂಕಿ ಹಿಡಿ ಒತ್ತಿದ. ಎಡಗಡೆ ಪೂರ್ತಿ ಮೇಲೆದ್ದಿತು. ಇಷ್ಟು ಬೇಗ ಪುನೀತೂ ಎತ್ತಿರಲಿಲ್ಲ. ಹಿಂದಿನ ಚಕ್ರ ನನ್ನದು, ಮುಂದಿನದು ಪುನೀತ್‌ದು. ಬಿಚ್ಚಿದೆವು, ಹಾಕಿದೆವು, ಬಿಗಿದೆವು. ಇಬ್ಬರೂ ಹಿಂದಕ್ಕೆ ಓಡಿ ಹಗ್ಗ ದಾಟಿ ಕೈ ಎತ್ತಿದೆವು.

ಜಾಕು ಇಳಿಯಲಿಲ್ಲ.

"ಇಳ್ಸ್ಲಾ!" ಅಂತ ಕಿರುಚಿದೆ.

ಲಿಂಗರಾಜು ನಮ್ಮ ಕಡೆ ನೋಡಲೇ ಇಲ್ಲ. ಮುಖ ಮುಂದಕ್ಕೆ ತಿರುಗಿಸಿ ಏನೋ ಕೂಗುತ್ತಿದ್ದ. ಕತ್ತಿನ ನರ ಉಬ್ಬಿತ್ತು. ಇಂಜಿನ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವಂತಿರಲಿಲ್ಲ. ಶಶಿಧರ್ ಕಾಯಲಾರದೆ ಕ್ಲಚ್ ಬಿಟ್ಟ. ಮುಂದಿನ ಎಡ ಚಕ್ರ ಗಾಳಿಯಲ್ಲಿದ್ದುದರಿಂದ ಕಾರು ಕದಲಲಿಲ್ಲ. ಆ ಚಕ್ರ ಮಾತ್ರ ಬುರ್ರನೆ ತಿರುಗಿತು. ಹಿಂದೆ ಬಿದ್ದಿದ್ದ ಒಂದು ಕಾರು ಹೊರಟುಹೋಯಿತು. ಇನ್ನೊಂದೂ ಹೋಯಿತು. ಪೆಂಡಾಲಿನವರು ಎದ್ದು ನಿಂತು ಸೀಟಿ ಹೊಡೆದರು. ಲಿಂಗರಾಜು ಹಿಡಿಯನ್ನು ಎದೆಗೆ ಅವುಚಿಕೊಂಡು ಕಂಬದ ಹಾಗೆ ನಿಂತಿದ್ದ.

ಆಮೇಲೆ, ಎಲ್ಲ ಮುಗಿದ ಮೇಲೆ, ನಿಧಾನವಾಗಿ ಇಳಿಸಿದ.

ಶಶಿಧರ್ ಹಿಂದಿನಿಂದ ಎರಡನೆಯವನಾಗಿ ಓಟ ಮುಗಿಸಿದ. ಕಾರಿನಿಂದ ಇಳಿದವನು ಹೆಲ್ಮೆಟ್ಟನ್ನು ನೆಲಕ್ಕೆ ಬಡಿದ.

"ನಾನ್ ಯೋಳಿದ್ನಾ ಇಲ್ವಾ ಬೋರಣ್ಣ? ಜನದ ಮುಂದೆ ಮಾನ ಕಳುದ್ಬುಟ್ಟ! ಕೈ ಇಲ್ದೋನ್ಗೆ ಜಾಕ್ ಯಾಕಪ್ಪ? ಅಂಗಡೀಲಿ ಕುಂಡ್ರಿಸ್ಕೊಂಡು ಅನ್ನ ಆಕು, ನನ್ ಕಾರ್ ತಾವ ತರ್ಬ್ಯಾಡ!"

ಲಿಂಗರಾಜು ತಲೆ ತಗ್ಗಿಸಿ ನಿಂತಿದ್ದ. "ಏನಾಯ್ತ್ಲಾ?" ಅಂತ ಕೇಳಿದೆ.

"ಆಗ್ಲಿಲ್ಲ ಬಾವ. ಹಿಡಿ ಕಚ್ಕೊಂಡ್ಬುಡ್ತು."

ಈ ಜಾಕನ್ನು ಹಿಂದಿನ ದಿನವೇ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಜೋಡಿಸಿದವನು ನಾನು. ಅದರ ಹಿಡಿ ಕಚ್ಚಿಕೊಳ್ಳುವಂಥದ್ದಲ್ಲ. ಹೋಗಿ ತಿರುಗಿಸಿ ನೋಡಿದೆ. ಬೆಣ್ಣೆಯ ಹಾಗೆ ತಿರುಗಿತು. ಸಿಟ್ಟು ಇನ್ನಷ್ಟು ಹೆಚ್ಚಿತು. ಬಯ್ಯಬೇಕು ಅಂತ ತಿರುಗುವಾಗ ಮುಂದಿನ ಚಕ್ರ ನಿಂತಿದ್ದ ಜಾಗದಲ್ಲಿ ಹಸಿರು ಗಾಜು ಹೊಳೆಯಿತು. ಬಳೆಯ ಚೂರು. ಅದರಾಚೆ ಒಂದು ಮಾರು ದೂರದಲ್ಲಿ ಅರ್ಧ ಸಿಪ್ಪೆ ಕಿತ್ತುಹೋದ ನಿಂಬೆಹಣ್ಣು ಬಿದ್ದಿತ್ತು. ಟೈರು ನೆಲದಲ್ಲಿ ಅರೆದಿದ್ದರೆ ಅದು ಹೂತುಹೋಗಿರುತ್ತಿತ್ತು. ಇದು ಗಾಳಿಯಲ್ಲಿ ತಿರುಗುವ ಟೈರಿಗೆ ತಗುಲಿ ಸಿಡಿದ ಹಣ್ಣು.

ಚೂರನ್ನು ಅಂಗೈಯಲ್ಲಿಟ್ಟು ಲಿಂಗರಾಜುವಿನ ಮುಂದೆ ಹಿಡಿದೆ. "ಯಾರ್ದ್ಲಾ ಇದು?"

ಅವನು ಪೆಂಡಾಲಿನ ಕಡೆ ನೋಡಿ ಬೇಗ ಕಣ್ಣು ತೆಗೆದ. ನನ್ನನ್ನು ಪಕ್ಕಕ್ಕೆ ಎಳೆದುಕೊಂಡ.

"ಬುಡು ಬಾವ. ಆಯಮ್ಮ ಹಗ್ಗದ ಕೆಳ್ಗೆ ನುಗ್ಗಿ ಕಾರಿನ್ ಮುಂದೆ ಬಗ್ಗಿ ಕುಂತ್ಬುಟ್ಟಿತ್ತು. ನಂಗೆ ಕಂಡಿದ್ದು ಬರೀ ಬಳೆ ಕೈ. ಎಷ್ಟ್ ಕೂಗುದ್ರೂ ಕೇಳ್ನಿಲ್ಲ. ಆಮ್ಯಾಕೆ ಚಕ್ರ ತಿರುಗ್ದೇಟ್ಗೆ ಎದ್ರಿ ಹಿಂದಕ್ ಬಿತ್ತು. ಧೂಳ್ ಮರೇಲಿ ಎದ್ದು ನಂಗೆ ಕೈ ಮುಗ್ದು ಓಯ್ತು, ಯಾರೂ ನೋಡ್ನಿಲ್ಲ. ಮಗನ್ ಮುಂದೆ ಆಯಮ್ಮನ ಮರ್ಯಾದೆ ಕಳೀಬ್ಯಾಡ."

"ನಿನ್ ಕೆಲ್ಸ ಓಯ್ತದಲ್ಲೋ ಬಡ್ಡೈದನೆ!"

"ಓಗ್ಲಿ. ಆ ಕೈ ಉಳೀತಲ್ಲ."

ಅವನಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಬಳೆಯ ಚೂರು ಹಿಡಿದುಕೊಂಡು ನೇರ ಪೆಂಡಾಲಿಗೆ ನಡೆದೆ. ಬಯ್ಯಲೆಂದೇ ಹೋದೆ, ಸುಳ್ಳು ಹೇಳುವುದಿಲ್ಲ. ಬೆಟ್ಟಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬಲಗೈ ಸೆರಗಿನಲ್ಲಿ ಸುತ್ತಿಕೊಂಡಿತ್ತು, ಸೆರಗಿನ ಮೇಲೆ ಸ್ವಲ್ಪ ರಕ್ತ. ಮಗ ಪಕ್ಕದಲ್ಲಿ ನೀರು ಕುಡಿಯುತ್ತ ಲಿಂಗರಾಜುವನ್ನು ಇನ್ನೂ ಬಯ್ಯುತ್ತಲೇ ಇದ್ದ. ನನ್ನ ಅಂಗೈಯನ್ನು ನೋಡಿದ ಕೂಡಲೇ ಆಯಮ್ಮ ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ ಮಗನ ತೋಳು ಹಿಡಿದಳು.

"ಶಶಿ, ಅವನ್ನ ಬಯ್ಬ್ಯಾಡ ಕಣಪ್ಪ. ಆ ಚಕ್ರದ ಕೆಳ್ಗೆ ನಾನಿದ್ದೆ."

"ಏನವ್ವ ಅಂತಿದ್ದೀಯ?"

ಸೆರಗು ಬಿಡಿಸಿ ಕೈ ತೋರಿಸಿದಳು. ಬಳೆ ಒಡೆದು ಮಣಿಕಟ್ಟು ಗೀರಿತ್ತು. ಬೇರೆ ಏನೂ ಆಗಿರಲಿಲ್ಲ. ಐದು ಬೆರಳೂ ಅಲ್ಲಾಡುತ್ತಿದ್ದವು.

"ಓದ್ವರ್ಸ ಅವನ ಕೈಗೆ ಹಣ್ ಕೊಟ್ಟೋಳು ನಾನೇ ಅಲ್ವಾ? ಅವತ್ತಿಂದ ಅನ್ನ ಕಲಸುವಾಗೆಲ್ಲ ಅವನ್ ಕೈಯೇ ಕಣ್ಮುಂದೆ ಬತ್ತದೆ. ಹಣ್ ಇಡ್ದೆ ನಿನ್ನ ಕಳ್ಸಾಕೂ ಜೀವ ತಡೀನಿಲ್ಲ. ಈ ಸಲ ಯಾರ್ ಕೈಗೂ ಕೊಡ್ದೆ ನಾನೇ ಇಡಾನ, ಓದ್ರೆ ನಂದೇ ಓಗ್ಲಿ ಅಂತ ಓದೆ. ಅವನು ಇಳ್ಸಿದ್ರೆ ಇಷ್ಟೊತ್ಗೆ..."

ಬಯ್ಯಲೆಂದು ಹೋದವನು ಬಳೆಯ ಚೂರನ್ನು ಜೇಬಿಗೆ ಹಾಕಿಕೊಂಡೆ.

ಶಶಿಧರ್ ತಾಯಿಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಕ್ಸಿಲರೇಟರ್ ಒತ್ತಿದ್ದು ತನ್ನ ಕಾಲು ಅನ್ನುವುದು ಅವನಿಗೆ ಹೊಳೆದಿರಬೇಕು. ಮುಖದ ಬಣ್ಣವೇ ಹೋಯಿತು. ಲಿಂಗರಾಜು ದೂರದಲ್ಲಿ ಹಲಗೆಯ ಮಣ್ಣು ಒರೆಸುತ್ತಿದ್ದ. ಶಶಿಧರ್ ಅವನ ಕಡೆ ಎರಡು ಹೆಜ್ಜೆ ಇಟ್ಟು ನಿಂತ. ಅಲ್ಲಿಂದಲೇ ವಾಪಸು ಬಂದು, ತಾಯಿಯನ್ನು ಕರೆದುಕೊಂಡು ಹೊರಟುಹೋದ.

ಲಿಂಗರಾಜು ಇನ್ನು ಬರುವುದಿಲ್ಲ, ಜಾಕಿಗೆ ಬೇರೆಯವನನ್ನು ಹುಡುಕಬೇಕೇನೋ ಅಂತ ನಾನಂತೂ ಅಂದುಕೊಂಡಿದ್ದೆ. ಲಿಂಗರಾಜು ಮರುದಿನ ಅಂಗಡಿಗೆ ಬಂದು, ಏನೂ ಆಗಿಲ್ಲವೆಂಬಂತೆ ಹಳೇ ಟೈರಿನ ಮೇಲೆ ಕೂತ. ಪುನೀತ್ ಮಾತ್ರ ಎರಡು ಸಲ ಕೇಳದೆಯೇ ಟೀ ತಂದುಕೊಟ್ಟ.

ವಾರ ಕಳೆದ ಮೇಲೆ ಶಶಿಧರ್ ಮನೆಯ ಕಾರು ತಂದ. ಮುಂದಿನ ಟೈರು ಎರಡೂ ಹೊಸದು ಹಾಕಬೇಕು ಅಂದ. ಹಿಂದಿನ ಸೀಟಿನಲ್ಲಿ ಬೆಟ್ಟಮ್ಮ ಇದ್ದಳು, ಕೈತುಂಬ ಹೊಸ ಬಳೆ. ಲಿಂಗರಾಜು ಎದ್ದು, ಯಾರನ್ನೂ ಕೇಳದೆ ಜಾಕು ನೂಕಿಕೊಂಡು ಹೋದ. ಎತ್ತಿದ. ನಾವು ಟೈರು ಹಾಕಿದೆವು. ಇಳಿಸಿದ.

ಬೆಟ್ಟಮ್ಮ ಪುಟ್ಟಿಯಿಂದ ಎರಡು ನಿಂಬೆಹಣ್ಣು ತೆಗೆದುಕೊಂಡು, ಚಕ್ರದ ಹತ್ತಿರ ಹೋಗದೆ ನಿಂತು ನನ್ನ ಮುಖ ನೋಡಿದಳು.

"ನನ್ನ ಯಾಕವ್ವ ನೋಡ್ತೀಯ? ಜಾಕ್ನೋನ್ನ ಕೇಳು" ಅಂದೆ.

ಲಿಂಗರಾಜು ಶಶಿಧರನ ಕಡೆ ಎಡಗೈ ಚಾಚಿದ. "ಕೀ ಕೊಡಪ್ಪ."

ಶಶಿಧರ್ ಒಂದು ಗಳಿಗೆ ಅರ್ಥವಾಗದವನಂತೆ ನಿಂತ. ಆಮೇಲೆ ಬಾಗಿಲು ತೆಗೆದು, ಬಗ್ಗಿ, ಕೀ ಕಿತ್ತು ತಂದು ಲಿಂಗರಾಜುವಿನ ಅಂಗಿಯ ಜೇಬಿಗೆ ತಾನೇ ಹಾಕಿದ.

"ಈಗ್ ಇಡವ್ವ" ಅಂದ ಲಿಂಗರಾಜು.

ಆಯಮ್ಮ ನಿಧಾನವಾಗಿ ಕೂತು ಇಟ್ಟಳು. ಎದ್ದು ಸೆರಗು ಸರಿಮಾಡಿಕೊಂಡು ಕಾರಿನ ಹಿಂದಕ್ಕೆ ಹೋದಳು. ನಾನೂ ಪುನೀತೂ ಹೋದೆವು. ಲಿಂಗರಾಜು ಬಗ್ಗಿ ಎರಡೂ ಚಕ್ರದ ಕೆಳಗೆ ನೋಡಿ, ಕೊನೆಗೆ ಜೇಬಿನಿಂದ ಕೀ ತೆಗೆದು ಕೊಟ್ಟ.

"ಮುಂದಿನ ತಿಂಗ್ಳು ಮದ್ದೂರ್ ತಾವ ರೇಸೈತೆ ಬೋರಣ್ಣ" ಅಂದ ಶಶಿಧರ್, ಕೀಯನ್ನು ನೋಡುತ್ತಲೇ.

"ಜಾಕ್ಗೆ ಮೈಸೂರಿಂದ ಯಾರ್ ಬತ್ತಾರೆ?"

"ಯಾರೂ ಇಲ್ಲ. ಲಿಂಗರಾಜಣ್ಣ ಬರ್ಲಿ."

ಬೆಟ್ಟಮ್ಮ ಹಿಂದಿನ ಸೀಟಿಗೆ ಹತ್ತಿದಳು, ಕಾರು ಹೊರಟಿತು. ನಿಂಬೆಹಣ್ಣು ಎರಡೂ ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡವು. ಲಿಂಗರಾಜು ಅವನ್ನು ಕಾಲಿನಿಂದ ಚರಂಡಿಗೆ ತಳ್ಳಿ, ಜಾಕಿನ ಹಿಡಿಯನ್ನು ಬಲ ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು ಒಳಗೆ ಎಳೆದುಕೊಂಡು ಹೋದ.