ತೆಗೆಯುವುದು ಎಂದರೆ

“ಇಲ್ಲೊಂದು ಸಹಿ, ಅಷ್ಟೇ,” ಎಂದು ಎದುರು ಪಕ್ಷದ ವಕೀಲರು ಕರಡಿನ ಪುಟವನ್ನು ಮಂದಾಕಿನಿಯ ಕಡೆ ಸರಿಸಿದರು.

ತಿರುವನಂತಪುರದ ಆ ಕಚೇರಿಯಲ್ಲಿ ಬೆಳಗಿನಿಂದ ಕೂತು ಅವಳ ಬೆನ್ನು ಹಿಡಿದುಕೊಂಡಿತ್ತು. ರೈಲಿನಲ್ಲಿ ನಾಲ್ಕು ಗಂಟೆ ದೂರದ ಎಡಪ್ಪಳ್ಳಿಯಲ್ಲಿ ವಿಲ್ಸನ್ ನಡೆಸುವ ಪುಟ್ಟ ಕಂಪನಿ ಫೋನುಗಳಿಗೆ ಭಾರತೀಯ ಭಾಷೆಗಳ ಕೀಬೋರ್ಡ್ ಮಾಡುತ್ತದೆ. ಅದರ ಪ್ರೋಗ್ರಾಂ ಬರೆದವಳು ಮಂದಾಕಿನಿ. ದೊಡ್ಡ ಫೋನ್ ಕಂಪನಿಯೊಂದು ತನ್ನದೇ ಕೀಬೋರ್ಡನ್ನು ಮೊದಲೇ ಹಾಕಿ ಮಾರುತ್ತಿತ್ತು. ಜನ ಅದನ್ನು ತೆಗೆದು ಇವರದನ್ನು ಹಾಕಿಕೊಂಡರೂ ಪ್ರತಿ ಅಪ್‌ಡೇಟಿಗೆ ಅದೇ ಬಂದು ಕೂರುತ್ತಿತ್ತು. ಸ್ಪರ್ಧಾ ಆಯೋಗಕ್ಕೆ ಇವರಿಬ್ಬರೂ ಸಹಿ ಹಾಕಿ ಕೊಟ್ಟ ದೂರು ಈಗ ರಾಜಿಗೆ ಬಂದಿತ್ತು. ಬಳಕೆದಾರರು ಇನ್ನು ಮುಂದೆ ಅದನ್ನು ತೆಗೆಯಬಹುದು ಎಂದು ಆ ಕಂಪನಿ ಒಪ್ಪಿತ್ತು. ಆದರೆ ತೆಗೆಯುವುದು ಎಂದರೆ ಐಕಾನ್ ಪರದೆಯ ಮೇಲೆ ಕಾಣದಂತೆ ಮಾಡುವುದು ಎಂದು ವ್ಯಾಖ್ಯೆಗಳ ಪುಟದಲ್ಲಿತ್ತು.

“ಕಾಣದೇ ಇದ್ರೆ ಹೋಯ್ತು ಅಂತಲ್ಲ ಸಾರ್,” ಎಂದಳು ಮೆಲ್ಲಗೆ. “ಒಳಗೇ ಇರುತ್ತೆ. ಮತ್ತೆ ಬರುತ್ತೆ.”

“ಒಂದು ಶಬ್ದಕ್ಕೆ ಎಂತ ಜಗಳ ಮಾರಾಯ್ತಿ?” ಮಂಗಳೂರಿನ ವಿಲ್ಸನ್ ಹಣೆ ಒತ್ತಿಕೊಂಡರು. “ಎಲ್ಲರಿಗೂ ಅರ್ಥ ಆಗ್ತದೆ. ಸೈನ್ ಮಾಡಿ ಹೋಗುವ. ಇನ್ನೂ ಎಳೆದ್ರೆ ನಾವು ಆಫೀಸಿಗೆ ಬೀಗ ಹಾಕುದೇ.”

ಅದು ಅವಳಿಗೂ ಗೊತ್ತಿತ್ತು. ಚೀಲದಿಂದ ಪೆನ್ನು ತೆಗೆದಳು. ಅಷ್ಟರಲ್ಲಿ ಫೋನು. ಮನೆಯಿಂದ ಮಗಳು ನಿಹಾರಿಕಾ. ಮಾತು ಎಂದಿನಂತೆ ಅರ್ಧ ಮಲಯಾಳಂ.

“ಅಮ್ಮಾ, ಕುಕ್ಕರ್ ವಿಸಿಲ್ ವರುನ್ನಿಲ್ಲ. ಕರಿಞ್ಞ ಮಣಂ.”

“ವಿಸಿಲ್ ಬರ್ತಿಲ್ವಾ? ಸೀದ ವಾಸನೆಯಾ? ಅಜ್ಜಿ ಎಲ್ಲಿ?”

“ಕುಳಿಕ್ಕ್ಯಾಣ್.”

“ಸ್ನಾನಕ್ಕೆ ಹೋಗಿದಾರಾ? ಗ್ಯಾಸ್ ಆಫ್ ಮಾಡು. ಬಟ್ಟೆ ಹಿಡ್ಕೊಂಡು ಕುಕ್ಕರ್ ತೆಗಿ ಪುಟ್ಟಾ.”

“ಶರಿ,” ಎಂದಳು ಮಗಳು. ಕರೆ ನಿಂತಿತು.

ಮಂದಾಕಿನಿ ಪೆನ್ನಿನ ಮುಚ್ಚಳ ಬಿಚ್ಚಿದಳು. ಬಿಚ್ಚಿದವಳ ಕೈ ಹಾಗೇ ನಿಂತಿತು. ಬಾಗಿಲು ತೆಗಿ. ಪುಸ್ತಕ ತೆಗಿ. ಡಬ್ಬಿ ತೆಗಿ. ಮನೆಯಲ್ಲಿ ದಿನಾ ಆಡುವ ಮಾತು. ಅವಳು ಹೇಳಿದ್ದು ಕುಕ್ಕರನ್ನು ಒಲೆಯಿಂದ ಇಳಿಸು ಎಂದು. ಮಗು ಕೇಳಿಸಿಕೊಂಡಿದ್ದು?

ಎದ್ದು ಹೊರಗೆ ಓಡಿದಳು. ಮನೆಗೆ ಮಾಡಿದ ಕರೆ ರಿಂಗಾಗಿ ರಿಂಗಾಗಿ ನಿಂತಿತು. ಅತ್ತೆಯ ಫೋನನ್ನೂ ಯಾರೂ ಎತ್ತಲಿಲ್ಲ. ಸೀಟಿ ಕಟ್ಟಿಕೊಂಡ ಕುಕ್ಕರು, ಅದರ ಮೇಲೆ ಬಗ್ಗಿದ ಮುಖ. ಎರಡು ಸಲ ತಪ್ಪು ಹೆಸರು ಒತ್ತಿದಳು. ಮೆಟ್ಟಿಲ ಕಂಬಿ ಹಿಡಿದುಕೊಂಡಳು.

ಫೋನು ತಾನಾಗಿ ಹೊಡೆದುಕೊಂಡಿತು.

“ಅಮ್ಮಾ, ಬಟ್ಟೆ ಸಿಕ್ತು. ತೆಗಿ ಅಂದ್ರೆ? ಎಡುಕ್ಕಣೋ, ತುರಕ್ಕಣೋ?”

ಎತ್ತಬೇಕೋ, ತೆರೆಯಬೇಕೋ. ಮಂದಾಕಿನಿ ಫೋನನ್ನು ಕಿವಿಗೆ ಒತ್ತಿಕೊಂಡಳು. “ಎರಡೂ ಬೇಡ ಕಂದ. ಗ್ಯಾಸ್ ಆಫ್ ಆಗಿದ್ಯಾ? ಮುಟ್ಟಬೇಡ. ನಾನು ಬರೋವರೆಗೂ ಯಾರೂ ಮುಟ್ಟಬೇಡಿ.”

ಒಳಗೆ ಬಂದಾಗ ವಕೀಲರು ಗಡಿಯಾರ ನೋಡುತ್ತಿದ್ದರು. ಅವಳು ಕೂರಲಿಲ್ಲ.

“ಒಂದೇ ಪ್ರಶ್ನೆ ಸಾರ್. ಐಕಾನ್ ಹೋದ ಮೇಲೆ ಕೀಬೋರ್ಡ್ ಫೋನಿನಲ್ಲಿ ಇರುತ್ತದೋ, ಇಲ್ಲವೋ?”

“ಸಾಮಾನ್ಯ ಅರ್ಥದಲ್ಲಿ ಹೇಳುವುದಾದರೆ...” ವಕೀಲರು ನಕ್ಕರು.

“ಎರಡರಲ್ಲಿ ಒಂದು ಹೇಳಿ.”

ಅವರು ಮತ್ತೆ ಗಡಿಯಾರ ನೋಡಿದರು. ಅವಳು ಪುಟವನ್ನು ಹಾಗೇ ಅವರ ಕಡೆ ಸರಿಸಿದಳು.

ವಾಪಸು ಹೊರಟ ರೈಲು ಕೊಲ್ಲಂ ದಾಟಿತ್ತು. ವಿಲ್ಸನ್, “ಅವರು ಬೇರೆ ಕರಡು ಕಳಿಸುವಾಗ ನಾವು ಇರ್ತೇವಾ ಮಂದಾಕಿನಿ?” ಎಂದರು.

“ಗೊತ್ತಿಲ್ಲ ಸಾರ್.”

“ನಿಮಗೆ ಗೊತ್ತಿಲ್ಲದ್ದೂ ಉಂಟಲ್ಲ, ಪುಣ್ಯ,” ಎಂದು ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಮನೆ ಸೇರಿದಾಗ ಕುಕ್ಕರ್ ಒಲೆಯ ಮೇಲೇ ಇತ್ತು. “ಯಾರೂ ಮುಟ್ಟಬಾರ್ದಂತೆ. ನನ್ನನ್ನೂ ಅಡುಗೆಮನೆಗೆ ಬಿಡ್ಲಿಲ್ಲ ಇವಳು,” ಎಂದರು ಅತ್ತೆ ರಾಜೀವಿ. “ಮಧ್ಯಾಹ್ನ ಅವಲಕ್ಕಿಯೇ.”

ಕುಕ್ಕರ್ ಯಾವಾಗಲೋ ತಣ್ಣಗಾಗಿತ್ತು. ಮಂದಾಕಿನಿ ಬಟ್ಟೆ ಹಿಡಿದುಕೊಂಡೇ ಅದರ ಹಿಡಿಯ ಮೇಲೆ ಕೈಯಿಟ್ಟಳು. ಬಾಗಿಲ ಹಿಂದೆ ನಿಂತ ನಿಹಾರಿಕಾ ಎರಡೂ ಕಿವಿ ಮುಚ್ಚಿಕೊಂಡಳು.