ಕರಿ ಅಂಚಿನ ಕಾರ್ಡು

ಟೆಕ್ಸಸ್ಸಿನ ಫ್ರಿಸ್ಕೋದಲ್ಲಿರುವ ನಮ್ಮ ಮನೆಯ ಗೆಸ್ಟ್ ರೂಮಿನಲ್ಲಿ ಇದುವರೆಗೆ ಯಾವ ಗೆಸ್ಟೂ ಮಲಗಿಲ್ಲ. ಅಲ್ಲಿ ಮಲಗುವುದು ಕಾಗದ. ಹೂವಿನ ಕಾಗದ, ಚುಕ್ಕಿಯ ಕಾಗದ, ಕಾಂಜೀವರದ ಸೆರಗನ್ನು ನಾಚಿಸುವ ಬುಟ್ಟಾ ಕಾಗದ. ಪಕ್ಕದ ಕಪಾಟಿನಲ್ಲಿ ರಬ್ಬರ್ ಸ್ಟಾಂಪುಗಳು, ಇಂಕ್ ಪ್ಯಾಡುಗಳು ಮತ್ತು ನನ್ನ ಪ್ರಾಣವಾದ ಡೈಗಳು. ಸಂಕ್ರಾಂತಿಗೆ ಸಕ್ಕರೆಗೆ ಅಚ್ಚು ಇರುತ್ತದಲ್ಲ, ಡೈ ಎಂದರೆ ಕಾಗದಕ್ಕೆ ಅಂಥದೇ ಅಚ್ಚು. ಕಾಗದದ ಮೇಲೆ ಅದನ್ನಿಟ್ಟು, ಪುಟ್ಟ ಯಂತ್ರದೊಳಗೆ ತೂರಿಸಿ ಹಿಡಿ ತಿರುಗಿಸಿದರೆ ಆ ಕಡೆಯಿಂದ ಎಲೆಯೋ ಬಳೆಯೋ ಚಕಚಕನೆ ಕತ್ತರಿಸಿಕೊಂಡು ಬರುತ್ತದೆ. ನನ್ನ ಗಂಡ ಕೃಷ್ಣಚೈತನ್ಯ ಅದಕ್ಕೆ ಚಪಾತಿ ಮೆಷಿನ್ ಎಂದು ಹೆಸರಿಟ್ಟಿದ್ದಾನೆ. ಒಂದು ದಿನ ಅದರಲ್ಲೇ ಚಪಾತಿ ಒತ್ತಿ ಬಡಿಸುತ್ತೇನೆ, ಗ್ಲಿಟರ್ ಸಮೇತ ತಿನ್ನಲಿ.

ಇಷ್ಟೆಲ್ಲ ಇಟ್ಟುಕೊಂಡು ಊರಿನವರಿಗೆಲ್ಲ ಕೈಯಾರೆ ಕಾರ್ಡು ಮಾಡಿಕೊಟ್ಟರೂ ನನ್ನ ಆಪ್ತ ಗೆಳತಿ ನಿರುಪಮಾಗೆ ನಾನು ಮಾಡಿಕೊಡಬೇಕೆಂದಿದ್ದ ಒಂದು ಕಾರ್ಡು ಮಾತ್ರ ವರ್ಷಗಟ್ಟಲೆ ಮಾಡಲಾಗಿರಲಿಲ್ಲ. ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳು ಧಾರವಾಡದ ಅನೂಪ್‌ನನ್ನು ಮದುವೆಯಾಗಿ ಇಲ್ಲೇ ಪಕ್ಕದ ಊರಾದ ಅಲೆನ್‌ಗೆ ಬಂದಳು. ಎರಡು ಸಲ ಬಸುರಿಯಾದಳು, ಎರಡು ಸಲವೂ ಉಳಿಯಲಿಲ್ಲ. ಮೂರನೆಯ ಸಲ ನಿಂತಾಗ ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ದೊಗಲೆ ಸ್ವೆಟರ್ ಹಾಕಿಕೊಂಡೇ ದಸರಾ ಗೊಂಬೆ ನೋಡಲು ಬಂದಳು, ದೀಪಾವಳಿಗೂ ಬಂದಳು. ಖುಷಿಪಡುವುದಕ್ಕೇ ಅವಳಿಗೆ ಭಯ.

ಎರಡು ಸಾವಿರದ ಹದಿನೈದರ ಹೊಸವರ್ಷದ ದಿನ ಅವಳಾಗಿಯೇ ಫೋನ್ ಮಾಡಿದಳು.

"ಸುಚೇತಾ, ಅತ್ತೆ ಧಾರವಾಡದಿಂದ ಬಂದಿದಾರೆ ಕಣೇ. ಸಂಕ್ರಾಂತಿ ಆದ್ಮೇಲೆ ಶನಿವಾರ ಕುಬಸ ಮಾಡೋಣ ಅಂತಿದಾರೆ. ನಾನು ಹೂಂ ಅಂದುಬಿಟ್ಟೆ."

ಮೈಸೂರಿನ ಕಡೆ ನಾವು ಸೀಮಂತ ಎನ್ನುತ್ತೇವೆ, ಅವರ ಕಡೆ ಕುಬಸ.

"ಎಲ್ರಿಗೂ ಹೇಳೋಣ್ವಾ ಹಾಗಾದ್ರೆ?" ಎಂದೆ.

"ಹೇಳೋಣ. ಈಮೇಲ್ ಗೀಮೇಲ್ ಬೇಡ, ನೀನೇ ಕಾರ್ಡ್ ಮಾಡು. ಒಂದೇ ಮಾತು, ತೊಟ್ಟಿಲು ಮಾತ್ರ ಹಾಕ್ಬೇಡ. ಮಗು ಕೈಗೆ ಬರೋವರೆಗೂ ತೊಟ್ಟಿಲು ಬೇಡ."

ನನ್ನ ಕಪಾಟಿನ ಕೆಳಗಿನ ಡ್ರಾಯರಿನಲ್ಲಿ ಒಂದು ತೊಟ್ಟಿಲಿನ ಡೈ ಇತ್ತು. ಅವಳ ಮೊದಲ ಬಸುರಿಗೆ ತಂದದ್ದು, ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಆಯಿತು ಎಂದೆ.

ಆ ವಾರ ನಾನು ಮಾಡಿದ ಕಾರ್ಡುಗಳನ್ನು ನೋಡಿದರೆ ನಾನೇ ನನಗೆ ದೃಷ್ಟಿ ತೆಗೆದುಕೊಳ್ಳಬೇಕಿತ್ತು. ಬೇರೆ ಬೇರೆ ಬುಟ್ಟಾ ಕಾಗದಗಳಿಂದ ಬಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಕೆಳಗೆ ಬೆಳ್ಳಿ ಬಣ್ಣದ ಅಕ್ಷರಗಳನ್ನು ಉಬ್ಬಿಸಿದೆ. ಇಲ್ಲಿನ ಕಾರ್ಡ್ ಕ್ಲಾಸಿನಲ್ಲಿ ಕಲಿಸಿದ ಒಂದು ಉಪಾಯವಿದೆ. ಚಿತ್ರದ ಹಿಂದೆ ಸ್ವಲ್ಪವೇ ದೊಡ್ಡದಾದ ಕಪ್ಪು ಕಾಗದ ಅಂಟಿಸಿದರೆ ಸುತ್ತ ಸಣ್ಣ ಕಪ್ಪು ಅಂಚು ಕಾಣುತ್ತದೆ, ಒಳಗಿನ ಬಣ್ಣಗಳೆಲ್ಲ ಎದ್ದು ಬರುತ್ತವೆ. ಅದನ್ನೂ ಮಾಡಿದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಎಂದು ವಿಳಾಸ ಬರೆದು ಪೋಸ್ಟ್ ಮಾಡಿದೆ. ಅಲೆನ್‌ನಲ್ಲಿರುವ ನಿರುಪಮಾಗೂ ಪೋಸ್ಟಿನಲ್ಲೇ ಒಂದು ಹೋಗಲಿ, ತನ್ನ ಸುದ್ದಿ ತನ್ನ ಮನೆ ಬಾಗಿಲಿಗೂ ಬರಲಿ ಎಂದು ಕಳಿಸಿದೆ. ಮೂರು ದಿನ ನೆಲದ ಮೇಲೆ ಕಾಲಿಟ್ಟರೆ ಕೇಳಿ.

ಆಮೇಲೆ ಹ್ಯೂಸ್ಟನ್ನಿನಿಂದ ಉಷಾ ಆಂಟಿಯ ಫೋನ್ ಬಂತು. ಅವರು ನಿರುಪಮಾಳ ದೊಡ್ಡಮ್ಮನ ಮಗಳು, ನಮಗಿಂತ ಎಷ್ಟೋ ದೊಡ್ಡವರಾದ್ದರಿಂದ ನನಗೆ ಆಂಟಿ.

"ಸುಚೇತಾ, ಕಾರ್ಡ್ ಬಂತಮ್ಮ. ಕವರಿಂದ ಅರ್ಧ ಎಳೆದಿದ್ದೆ, ಕರಿ ಅಂಚು ಕಾಣಿಸ್ತು. ಎದೆ ಧಸಕ್ ಅಂತು ನೋಡು. ಅಯ್ಯೋ, ಯಾರು ಹೋದ್ರು ಅಂತ ಅಲ್ಲೇ ಸೋಫಾ ಮೇಲೆ ಕೂತುಬಿಟ್ಟೆ. ಪೂರ್ತಿ ತೆಗೆದ್ಮೇಲೆ ತಾನೇ ಬಳೆ ಕಂಡಿದ್ದು! ಅರಿಶಿನ ಕುಂಕುಮನೂ ಹಚ್ಚಿಲ್ವಲ್ಲಮ್ಮ."

ನಮ್ಮ ಕಡೆ ಶುಭಕಾರ್ಯದ ಕಾಗದವೆಂದರೆ ನಾಲ್ಕು ಮೂಲೆಗೂ ಅರಿಶಿನ. ಕರಿ ಅಂಚಿನ ಕಾಗದ ಬರುವುದು ವೈಕುಂಠ ಸಮಾರಾಧನೆಗೆ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದವಳು ನಾನು, ಎರಡು ಕ್ಲಾಸಿಗೆ ಹೋಗಿ ಬಂದದ್ದೇ ಎಲ್ಲ ಮರೆತುಬಿಟ್ಟಿದ್ದೆ. ಅದೂ ಯಾರ ಕಾರ್ಡಿನಲ್ಲಿ! ಎರಡು ಸಲ ಕಳೆದುಕೊಂಡು, ಈಗಷ್ಟೇ ಬಾಯಿ ಬಿಟ್ಟು ಹೂಂ ಅಂದವಳ ಕಾರ್ಡಿನಲ್ಲಿ. ಅದನ್ನು ಕಂಡರೆ ಅವಳು ಮತ್ತೆ ಆ ಸ್ವೆಟರಿನೊಳಗೆ ಸೇರಿಕೊಳ್ಳುತ್ತಾಳೆ, ಕುಬಸವೇ ಬೇಡ ಎನ್ನುತ್ತಾಳೆ. ನನಗೆ ಅಳು ಬಂತು.

"ಅಲೆನ್‌ಗೆ ಹೋಗ್ತೀನಿ. ಅವಳ ಮೇಲ್‌ಬಾಕ್ಸಿಂದ ತೆಗೆದುಬಿಡ್ತೀನಿ," ಎಂದೆ.

"ಬೇರೆಯವರ ಮೇಲ್‌ಬಾಕ್ಸಿಗೆ ಕೈ ಹಾಕಿದ್ರೆ ಫೆಡರಲ್ ಕೇಸು," ಎಂದ ಕೃಷ್ಣಚೈತನ್ಯ. ನನ್ನ ಮುಖ ನೋಡಿದವನೇ ಕಾರಿನ ಕೀ ತಂದುಕೊಟ್ಟ.

ದಾರಿಯುದ್ದಕ್ಕೂ ಪೋಸ್ಟು ತಡವಾಗಲಿ ಎಂದು ರಾಯರಿಗೆ ಹರಕೆ ಹೊತ್ತೆ. ರಾಯರಿಗೆ ಟೆಕ್ಸಸ್ಸಿನ ಅಂಚೆ ಇಲಾಖೆಯ ಮೇಲೆ ಅಧಿಕಾರವಿದ್ದಂತೆ ಕಾಣಲಿಲ್ಲ. ಬಾಗಿಲು ತೆರೆದ ಶಕುಂತಲಾ ಆಂಟಿಯ, ಅಂದರೆ ನಿರುಪಮಾಳ ಅತ್ತೆಯ ಕೈಯಲ್ಲೇ ನನ್ನ ಕಾರ್ಡು ಇತ್ತು.

"ನಿರುಪಮಾ ನೋಡಿದ್ಲಾ ಆಂಟಿ?" ಎಂದೆ, ನಮಸ್ಕಾರವನ್ನೂ ಹೇಳದೆ.

"ಇಲ್ಲವಾ, ಆಫೀಸಿನ್ಯಾಗ ಇದ್ದಾಳ. ಈಗ ಬರ್ತಾಳ. ಒಳಗ ಬಾ. ಯಾಕ ಅಳ್ಲಿಕ್ಕತ್ತೀ?"

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಕರಿ ಅಂಚು, ಕ್ಲಾಸು, ಮರೆತ ಅರಿಶಿನ, ಉಷಾ ಆಂಟಿಯ ಸೋಫಾ. ಆ ಕಾರ್ಡು ಕೊಟ್ಟುಬಿಡಿ, ಅವಳು ಬರುವುದರೊಳಗೆ ಹರಿದು ಹಾಕುತ್ತೇನೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ನನ್ನನ್ನು ರೂಮಿಗೆ ಕರೆದುಕೊಂಡು ಹೋಗಿ ಸೂಟ್‌ಕೇಸ್ ತೆರೆದರು. ಚಟ್ನಿಪುಡಿ ಪೊಟ್ಟಣಗಳ ಅಡಿಯಿಂದ, ಬಿಳಿ ಪಂಚೆಯಲ್ಲಿ ಸುತ್ತಿದ್ದ ಒಂದು ಸೀರೆ ತೆಗೆದರು.

ಅಚ್ಚ ಕಪ್ಪು ಸೀರೆ. ಕೆಂಪು ದಡಿ, ಕೆಂಪು ಸೆರಗು.

"ಚಂದ್ರಕಾಳಿ ಸೀರಿ ಇದು. ನಮ್ಮ ಮನಿಯಾಗ ಬಸುರಿ ಹೆಣ್ಣಮಗಳಿಗೆ ಸಂಕ್ರಾಂತಿಗೆ ಇದನ್ನ ಉಡಸ್ತೀವಿ. ನಮ್ಮತ್ತಿ ನನಗ ಉಡಸಿದ್ರು. ಹೊಟ್ಟ್ಯಾಗಿನ ಕೂಸಿಗೆ ದೃಷ್ಟಿ ತಾಕಬಾರದಂತ ಕರೀದು."

"ಮತ್ತೆ ಯಾಕೆ ಒಳಗೇ ಇಟ್ಟಿದ್ರಿ?"

ಆಂಟಿ ಮಂಚದ ಮೇಲೆ ಕೂತರು.

"ಹೆದರಿಕಿ ನನಗ. ಮೊದಲನೇ ಸರ್ತಿ ಬಸುರಿ ಅಂದಾಗ ತೊಗೊಂಡಿದ್ದೆ. ಉಡಸೂ ವ್ಯಾಳ್ಯಾನ ಬರಲಿಲ್ಲ. ಎರಡನೇ ಸರ್ತೀನೂ ಹಂಗ ಆತು. ಈ ಸರ್ತಿ ಹೊತ್ತುಕೊಂಡು ಬಂದೀನಿ ಖರೆ, ಮೈಸೂರಿನ ಹುಡುಗಿಗೆ ಕರೀ ಸೀರಿ ಉಡು ಅಂತ ಹ್ಯಾಂಗ ಹೇಳಲಿ? ಅಪಶಕುನ ಅಂದ್ಕೊಂಡ್ರ? ಬಂದಾಗಿಂದ ಬಾಯಿ ತೆರೀಲಿಕ್ಕೆ ಆಗಿಲ್ಲ. ಇವತ್ತ ನಿನ್ನ ಕಾಗದದಾಗ ಕರೀದು ಕಂಡು ಸ್ವಲ್ಪ ಧೈರ್ಯ ಬಂತು ನೋಡು."

ಅವರು ಕಾರ್ಡನ್ನು ಸೀರೆಯ ಮೇಲಿಟ್ಟರು. ಕಪ್ಪಿನ ಮೇಲೆ ಕಪ್ಪು ಕೂಡಿಕೊಂಡಿತು, ನನ್ನ ಬಳೆಗಳೆಲ್ಲ ಸೀರೆಯ ಮೇಲೇ ಜೋಡಿಸಿಟ್ಟಂತೆ ಕಂಡವು. ನಾವಿಬ್ಬರೂ ಒಬ್ಬಳೇ ಹುಡುಗಿಯ ಹೆದರಿಕೆಗೆ ಹೆದರಿಕೊಂಡು, ಒಬ್ಬರು ಸೀರೆ ಬಚ್ಚಿಟ್ಟು, ಇನ್ನೊಬ್ಬಳು ಕಾರ್ಡು ಹರಿಯಲು ಹೊರಟಿದ್ದೆವು. ನನಗೆ ಅಳುವಿನ ನಡುವೆಯೇ ನಗು ಬಂತು, ಆಂಟಿಗೂ ಬಂತು.

"ಏನತ್ತೆ, ಇಬ್ರೂ ಸೇರಿ ಏನು ನಗಾಡ್ತಿದೀರಾ?"

ನಿರುಪಮಾ ಬಾಗಿಲಲ್ಲಿ ನಿಂತಿದ್ದಳು, ಅದೇ ದೊಗಲೆ ಸ್ವೆಟರಿನಲ್ಲಿ. ಕಾರ್ಡು ನೋಡಿದಳು, ಸೀರೆ ನೋಡಿದಳು. ಬಚ್ಚಿಡಲು ನಮ್ಮಿಬ್ಬರಿಗೂ ಪುರುಸೊತ್ತಾಗಲಿಲ್ಲ. ಆಂಟಿ ಈಗ ಮಾತ್ರ ಗಟ್ಟಿ ಮನಸ್ಸು ಮಾಡಿದರು.

"ನಿನಗಂತ ತಂದೀನಿ, ನಿರೂ. ಕರೀದದ. ಬ್ಯಾಡಂದ್ರ ಬ್ಯಾಡ."

ನಿರುಪಮಾ ಸೀರೆಯ ಸೆರಗನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಸ್ವೆಟರ್ ತೆಗೆದು ಕುರ್ಚಿಯ ಮೇಲೆ ಎಸೆದಳು. ಏಳು ತಿಂಗಳ ಹೊಟ್ಟೆ ನಮ್ಮೆದುರು ದುಂಡಗೆ ನಿಂತಿತು.

"ಉಡಿಸಿ ಅತ್ತೆ," ಎಂದಳು. "ಈಗ್ಲೇ. ಚೆನ್ನಾಗಿ ಕಾಣುತ್ತಾ ನೋಡೋಣ."

ಕನ್ನಡಿಯ ಮುಂದೆ ಆಂಟಿ ನೆರಿಗೆ ಹಿಡಿಯುತ್ತಾ ನನ್ನ ಕಡೆ ತಿರುಗಿದರು. "ಎಲ್ಲಾ ಛಂದ ಆಗೇದವಾ, ಕಾಗದಕ್ಕ ಕೆಂಪು ದಡಿ ಒಂದು ಇಲ್ಲ ನೋಡು. ದಡಿ ಇಲ್ಲದ ಚಂದ್ರಕಾಳಿ ಎಲ್ಲ್ಯಾರ ಇರ್ತದೇನು?"

ಇಂಥ ತಕರಾರು ನನಗೆ ಪಾಯಸವಿದ್ದಂತೆ. ಅಂದೇ ಎಲ್ಲರಿಗೂ ಮೆಸೇಜ್ ಹಾಕಿದೆ: ಕುಬಸಕ್ಕೆ ಬರುವವರು ಕಾರ್ಡು ತರಲೇಬೇಕು, ಕಾರ್ಡಿಲ್ಲದವರಿಗೆ ಹೋಳಿಗೆಯಿಲ್ಲ.

ಶನಿವಾರ ನಿರುಪಮಾಳ ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತೆ. ಒಬ್ಬೊಬ್ಬರ ಕಾರ್ಡನ್ನೂ ಇಸಿದುಕೊಂಡು, ಕಪ್ಪಿನ ಮೇಲೂ ಎದ್ದು ಕಾಣುವ ಕೆಂಪು ಇಂಕ್ ಹತ್ತಿದ ಸ್ಪಂಜಿನಿಂದ ನಾಲ್ಕೂ ಅಂಚಿಗೆ ದಡಿ ಎಳೆದೆ. ಪಕ್ಕದಲ್ಲಿ ಕೂತ ಶಕುಂತಲಾ ಆಂಟಿ ಮೂಲೆಗಳಿಗೆ ಅರಿಶಿನ ಹಚ್ಚಿದರು. ಆಸ್ಟಿನ್ನಿನವರು ಕಾರ್ಡನ್ನು ಫ್ರಿಜ್ಜಿನ ಮೇಲೆ ಮರೆತು ಬಂದು ಗೋಗರೆದು ಹೋಳಿಗೆ ತಿಂದರು. ಹ್ಯೂಸ್ಟನ್ನಿನಿಂದ ಡ್ರೈವ್ ಮಾಡಿಕೊಂಡು ಬಂದ ಉಷಾ ಆಂಟಿ ತಮ್ಮ ಕಾರ್ಡಿಗೆ ದಡಿ ಬಿದ್ದದ್ದನ್ನು ಹಿಡಿದು ನೋಡಿ, "ಇದನ್ನ ಮೊದಲೇ ಮಾಡಿದ್ರೆ ನನ್ನ ಬಿಪಿ ಏರ್ತಿರ್ಲಿಲ್ಲ," ಎಂದರು. ಎಲ್ಲ ಕಾರ್ಡುಗಳನ್ನೂ ದಾರಕ್ಕೆ ಪೋಣಿಸಿ, ನಿರುಪಮಾ ಕೂರುವ ಕುರ್ಚಿಯ ಹಿಂದೆ ತೋರಣ ಕಟ್ಟಿದೆವು.

ಅದರ ಕೆಳಗೆ ಅವಳು ಚಂದ್ರಕಾಳಿ ಉಟ್ಟು, ಎರಡೂ ಕೈ ತುಂಬ ಬಳೆ ತೊಟ್ಟು ಕೂತಳು. ಆರತಿ ಆಯಿತು, ಹಾಡಾಯಿತು, ಹೋಳಿಗೆ ಖಾಲಿಯಾಯಿತು. ಬಳೆ ತೊಡಿಸಲು ನನ್ನ ಸರದಿ ಬಂದಾಗ ಅವಳು ನನ್ನ ಮಣಿಕಟ್ಟು ಹಿಡಿದು ಬಗ್ಗಿಸಿಕೊಂಡಳು.

"ಸುಚೇತಾ, ನಿನ್ನ ಹತ್ರ ತೊಟ್ಟಿಲು ಡೈ ಇದ್ಯಾ?" ಎಂದು ಕಿವಿಯಲ್ಲಿ ಕೇಳಿದಳು.

ಇದೆ ಎಂದು ತಲೆಯಾಡಿಸಿದೆ.

"ಕತ್ತರಿಸಿಡು," ಎಂದಳು ನಿರುಪಮಾ. "ನಾಮಕರಣದ ಕಾರ್ಡಿಗೆ ತುಂಬಾ ಬೇಕಾಗುತ್ತೆ."