ಅತ್ತೆಯ ಕೈಲಿ ಬಂದ ಪ್ಲಗ್ಗು

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಹಾಗೆ ಹೇಳಿದವರು ಯಾರೂ ಗಂಡನ ಜೊತೆ ಒಂದೇ ಗ್ಯಾರೇಜಿನಲ್ಲಿ ದುಡಿದವರಲ್ಲ. ನಾವು ಉಂಡೆವು, ಮಲಗಿದೆವು, ಎದ್ದು ಬಂದು ಅಂಗಡಿಯ ಶಟರ್ ಕೂಡ ಎತ್ತಿದೆವು. ಜಗಳ ಮಾತ್ರ ನಮಗಿಂತ ಮೊದಲೇ ಬಂದು ಒಳಗೆ ಕೂತಿರುತ್ತಿತ್ತು. ಮಾತು ಬಿಟ್ಟು ಒಂದು ವಾರವಾಗುತ್ತ ಬಂದಿತ್ತು.

ಆಗಿದ್ದು ಇಷ್ಟೇ. ಒಬ್ಬ ಗಿರಾಕಿ, "ಎಲೆಕ್ಟ್ರಿಕ್ ಗಾಡಿಗೆ ಏನ್ ಸರ್ವಿಸ್ಸು ಸ್ವಾಮಿ, ಆಯಿಲ್ಲೂ ಇಲ್ಲ, ಎಂಜಿನ್ನೂ ಇಲ್ಲ" ಎಂದ. ನನ್ನ ಗಂಡ ಹಲ್ಲು ಕಿಸಿದು, "ಹೌದು ಬಿಡಿ ಸಾರ್, ನಮ್ಮನೆಯವಳು ಒರೆಸಿ, ಊದಿ ಕೊಡ್ತಾಳೆ" ಎಂದರು. ಬ್ಯಾಟರಿ ತಣ್ಣಗಿಡುವ ಕೂಲಂಟ್ ನೋಡುವವಳು ನಾನು. ಮೋಟಾರೇ ವೇಗ ತಗ್ಗಿಸುವುದರಿಂದ ತುಳಿಯುವವರಿಲ್ಲದೆ ತುಕ್ಕು ಹಿಡಿದ ಬ್ರೇಕು ಬಿಚ್ಚಿ ಗ್ರೀಸು ಹಚ್ಚುವವಳು ನಾನು. ಲ್ಯಾಪ್‌ಟಾಪ್ ಸಿಕ್ಕಿಸಿ ಒಂದೊಂದು ಸೆಲ್ಲಿನ ನಾಡಿ ಹಿಡಿಯುವವಳೂ ನಾನೇ. ಒರೆಸಿ, ಊದಿ ಅಂತೆ! ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಪೆಟ್ರೋಲ್ ವಾಸನೆ ಇಲ್ದಿದ್ರೆ ಇವರ ತಲೆ ಸ್ಟಾರ್ಟೇ ಆಗಲ್ಲ ಸಾರ್" ಎಂದುಬಿಟ್ಟೆ. ಗಿರಾಕಿ ಬಿದ್ದು ಬಿದ್ದು ನಕ್ಕ. ಇವರು ನಗಲಿಲ್ಲ.

ಅಂದಿನಿಂದ ನಮ್ಮಿಬ್ಬರ ನಡುವೆ ಅತ್ತೆಯೇ ಟಪಾಲು. ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ಫೋನು ಎತ್ತುವುದು ಅವರ ಕೆಲಸ. "ಅತ್ತೆ, ನಿಮ್ಮ ಮಗನಿಗೆ ಹೇಳಿ, ಆ ಸ್ಪ್ಯಾನರೇನು ಅವರಪ್ಪನ ಆಸ್ತಿಯಾ, ತೆಗೆದಲ್ಲೇ ಇಡಕ್ಕಾಗಲ್ವಾ" ಎಂದು ನಾನು ಕೂಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಸ್ಪ್ಯಾನರು ಅವರಪ್ಪನ ಆಸ್ತಿಯೇ. ಅತ್ತೆ ಎದ್ದು ಹೋಗಿ ಬಂದು, "ಮರೆತಿದ್ದೆ, ಪಾಪ ಅವಳಿಗೆ ತೊಂದರೆ ಆಯ್ತು ಅಂದ ಕಣೇ" ಎನ್ನುತ್ತಿದ್ದರು. ಇದ್ದರೂ ಇರಬಹುದು, ಮನುಷ್ಯ ಒಳಗೊಳಗೇ ಕರಗುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ಸುಳ್ಳೇಕೆ, ಹಿತವಾಗುತ್ತಿತ್ತು. ಆದರೆ ಮೊದಲು ಬಾಯಿ ತೆರೆಯುವವಳು ನಾನಾಗಬಾರದು, ಅಷ್ಟೇ.

ಆ ಮಧ್ಯಾಹ್ನ ಬಂದದ್ದು ಯಾರೋ ಓಡಿಸಿ ಮಾರಿದ್ದ ಹಳೆಯ ಎಲೆಕ್ಟ್ರಿಕ್ ಕಾರು. ಅದರ ಈಗಿನ ಒಡೆಯನಿಗೆ ನಾವಿಟ್ಟ ಹೆಸರು ಅವಸರದಪ್ಪ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಕೂರು ಎಂದರೂ ಕೂರುವುದಿಲ್ಲ. ಗಾಡಿಯನ್ನು ನೆಲದ ಗುಂಡಿಯ ಮೇಲೆ ನಿಲ್ಲಿಸಿದ್ದೆವು. ಗುಂಡಿಯೊಳಗೆ ನಿಂತು ಬ್ಯಾಟರಿಯಿಂದ ಹೊರಡುವ ಕಿತ್ತಳೆ ಕೇಬಲ್ಲಿನ ಕೊಂಡಿ ಬಿಚ್ಚಿ, ನೀರು ಸೇರಿದೆಯೇ ನೋಡಿ ಶುಚಿ ಮಾಡುವುದು ಇವರ ಪಾಲು. ಮೇಲೆ ಸೀಟಿನಲ್ಲಿ ಕೂತು ಲ್ಯಾಪ್‌ಟಾಪ್ ನೋಡುವುದು ನನ್ನ ಪಾಲು.

ಇಂಥ ಗಾಡಿಯ ಹಿಂದಿನ ಸೀಟಿನ ಕೆಳಗೆ ಅಂಗೈಯಗಲದ ಒಂದು ಪ್ಲಗ್ಗು ಇರುತ್ತದೆ. ಅದನ್ನು ಕಿತ್ತರೆ ಬ್ಯಾಟರಿಯ ಕರೆಂಟು ಅಲ್ಲೇ ತುಂಡಾಗುತ್ತದೆ. ಯಾರ ಕೈ ಗಾಡಿಯ ಹೊಟ್ಟೆಯೊಳಗಿದೆಯೋ ಪ್ಲಗ್ಗು ಅವರ ಜೇಬಿನಲ್ಲಿರಬೇಕು. ಮುಗಿದ ಮೇಲೆ ಅವರೇ ಕೈಯಾರೆ ಕೊಟ್ಟು, "ಮುಗೀತು" ಎಂದು ಬಾಯಿಬಿಟ್ಟು ಹೇಳಬೇಕು. ಕೊಂಡಿ ಬಿಚ್ಚಿದ್ದರೆ ಗಾಡಿ ತಾನಾಗಿಯೇ ಏಳದಂತೆ ತಡೆಯುವ ಸಣ್ಣ ತಂತಿಯೂ ಒಂದಿರುತ್ತದೆ ನಿಜ. ಈ ಗಾಡಿಯಲ್ಲಿ ಯಾವನೋ ಪುಣ್ಯಾತ್ಮ ಅದನ್ನು ತಪ್ಪಿಸಿ ನೇರ ಜೋಡಿಸಿಬಿಟ್ಟಿದ್ದ. ಅಂದರೆ ಇವರ ಜೀವಕ್ಕೆ ಇದ್ದ ಕಾವಲು ಆ ಪ್ಲಗ್ಗು, ಮತ್ತು ನಾವಿಬ್ಬರು ಆಡಿಕೊಳ್ಳಬೇಕಾದ ಮಾತು.

ಮಾತು ಎಲ್ಲಿತ್ತು? ಇವರು ಗುಂಡಿ ಹತ್ತಿ ಬಂದು ಪ್ಲಗ್ಗನ್ನು ಅವರಮ್ಮನ ಕೈಗೆ ಕೊಟ್ಟರು. ಅತ್ತೆ ತಂದು ನನ್ನ ಕೈಗೆ ಕೊಟ್ಟು, "ಮುಗೀತಂತೆ" ಎಂದರು. ನಾನು ಅದನ್ನು ಅದರ ಜಾಗಕ್ಕೆ ಕೂರಿಸಿ ಹಿಡಿ ಒತ್ತಿದೆ. ಮುಂದಿನ ಸೀಟಿಗೆ ಬಂದು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡೆ. ಇನ್ನುಳಿದದ್ದು ಗಾಡಿಯನ್ನು ಎಬ್ಬಿಸುವುದು. ಬ್ರೇಕು ತುಳಿದು ಬಟನ್ ಒತ್ತಿದರೆ ಆಯಿತು. ಸದ್ದಿಲ್ಲ, ನಡುಕವಿಲ್ಲ, ಆ ಕೊಂಡಿಯ ತುದಿಯಲ್ಲಿ ನಾನೂರು ವೋಲ್ಟು ಬಂದು ನಿಲ್ಲುತ್ತದೆ.

ಬ್ರೇಕು ತುಳಿದೆ. ಅಷ್ಟರಲ್ಲಿ ಅತ್ತೆ ಮತ್ತೆ ಬಂದು ಕಿಟಕಿಯ ಬಳಿ ನಿಂತರು.

"ಏನೋ ಹೇಳಿದ್ನಮ್ಮ. ಬೆಳಗ್ಗಿಂದ ಒಂದೇ ಸಮ ದುಡಿದು ಸುಸ್ತಾಗಿದ್ದಾಳೆ, ನಿಧಾನಕ್ಕೆ ಮಾಡ್ಲಿ, ಅವಸರ ಬೇಡ ಅಂದ."

ನನ್ನ ಬೆರಳು ಬಟನ್ನಿನ ಮೇಲೇ ಇತ್ತು. ಅಲ್ಲೇ ನಿಂತಿತು.

ಸುಸ್ತಾಗಿದ್ದಾಳೆ? ಇವರು? ಜ್ವರ ಬಂದು ಮೈ ಕೆಂಡವಾಗಿ ಮಲಗಿದ್ದಾಗ, "ಇವತ್ತು ಅಂಗಡಿಗೆ ಬರ್ತೀಯೋ ಇಲ್ವೋ, ಒಂದು ಹೇಳು" ಎಂದು ಕೇಳಿದ ಮಹಾನುಭಾವರು. ಮದುವೆಯಾದಾಗಿನಿಂದ ಆ ಬಾಯಲ್ಲಿ ಬಾರದ ಮಾತು, ಮಾತು ಬಿಟ್ಟ ವಾರದಲ್ಲಿ ಬಂದೀತೇ? ಅತ್ತೆಯ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

"ಅತ್ತೆ, ಅವರೆಲ್ಲಿ?"

"ಅಲ್ಲೇ ಎಲ್ಲೋ... ಕೈ ತೊಳೀತಿರ್ಬೇಕು."

ನಲ್ಲಿಯ ಸದ್ದಿಲ್ಲ.

"ಅಯ್ಯೋ, ಒಂದು ಬಟನ್ ಒತ್ತೋದಕ್ಕೆ ಎಷ್ಟೊತ್ತು ರೀ?" ಎಂದ ಅವಸರದಪ್ಪ ಅತ್ತೆಯ ಭುಜದ ಮೇಲಿಂದ ಕೈ ತೂರಿಸಿದ. "ತಗೊಳ್ಳಿ, ನಾನೇ ಒತ್ತುತೀನಿ."

ನನ್ನ ಕಾಲು ಬ್ರೇಕಿನ ಮೇಲಿತ್ತು! ಅವನ ಬೆರಳು ತಾಗಿದ್ದರೆ ಮುಗಿದೇ ಹೋಗುತ್ತಿತ್ತು. ಕಾಲು ಕಿತ್ತುಕೊಂಡೆ, ಎಡಗೈಯಿಂದ ಅವನ ಮಣಿಕಟ್ಟಿಗೆ ಫಟಾರನೆ ಬಾರಿಸಿದೆ. ಲ್ಯಾಪ್‌ಟಾಪ್ ಕಾಲಡಿಗೆ ಬಿತ್ತು.

"ಮುಟ್ಟಿದ್ರೆ ಕೈ ಮುರೀತೀನಿ! ದೂರ ಹೋಗ್ರೀ!" ಎಂದು ಕಿರುಚಿ, ಅದೇ ಉಸಿರಿನಲ್ಲಿ ಗಂಡನನ್ನು ಕೂಗಿ "ರೀ!" ಎಂದೆ.

"ಹ್ಞಾಂ?"

ದನಿ ನನ್ನ ಪಾದದ ಕೆಳಗಿನಿಂದ ಬಂತು.

"ಕೈ ಎಲ್ಲಿದೆ ನಿಮ್ದು?"

"ಕೊಂಡಿಯೊಳಗೆ. ಯಾಕೆ? ಅಮ್ಮನ ಹತ್ರ ಹೇಳಿ ಕಳಿಸಿದ್ನಲ್ಲ."

ಹಿಂದಿನ ಸೀಟಿಗೆ ಹೇಗೆ ದಾಟಿದೆನೋ ಗೊತ್ತಿಲ್ಲ. ಪ್ಲಗ್ಗು ಕಿತ್ತು, ಇಳಿದು, ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಅದನ್ನು ಇವರ ಮುಖದ ಮುಂದೆ ಹಿಡಿದೆ. ಅದನ್ನು ನೋಡಿದ ಮೇಲೆ ಇವರಿಗೆ ಎಲ್ಲ ಅರ್ಥವಾಯಿತು. ಕೈಯನ್ನು ಮೆಲ್ಲಗೆ ಹೊರಗೆಳೆದುಕೊಂಡು, ಪ್ಲಗ್ಗು ಇಸಿದುಕೊಂಡು ಗೋಡೆಗೆ ಒರಗಿದರು.

"ಪ್ಲಗ್ಗು ಇಲ್ದೆ ಹೇಗ್ರೀ ಇಳಿದ್ರಿ? ಬುದ್ಧಿ ನೆಟ್ಟಗಿದೆಯಾ?"

"ಅನುಮಾನ ಬಂದು ಮತ್ತೆ ಇಳಿದು, ಕೊಂಡಿ ಬಿಚ್ಚಿ ಟಾರ್ಚ್ ಹಾಕಿ ನೋಡಿದ್ರೆ ಒಂದು ಪಿನ್ನು ಕಿಲುಬು ಹಿಡಿದು ಹಸಿರುಗಟ್ಟಿತ್ತು. ಅಷ್ಟೊತ್ತಿಗೆ ಪ್ಲಗ್ಗು ನಿನ್ನ ಹತ್ರ ಹೋಗಿತ್ತು. ವಾಪಸ್ ಕೇಳೋಕೆ ನಿನ್ನ ಮುಂದೇ ಬಂದು ನಿಲ್ಬೇಕಿತ್ತಲ್ಲ." ನೆಲ ನೋಡುತ್ತ ಹೇಳಿದರು. "ಆ ಬಾಯಿಬಡುಕಿಗೆ ಹೇಳಮ್ಮ, ನಾನು ಹೇಳೋವರೆಗೂ ಗಾಡಿ ಮುಟ್ಟಬಾರದು ಅಂತ, ಅಂದಿದ್ದೆ."

ಅತ್ತೆ ನೆಲದ ಮೇಲೇ ಕುಸಿದು ಕೂತಿದ್ದರು. "ಬಾಯಿಬಡುಕಿ ಅಂದ ಅಂತ ಹೇಗೆ ಹೇಳ್ಲಿ? ಮುಟ್ಟಬೇಡ ಅಂದ್ರೂ ಉರಿದು ಬೀಳ್ತೀಯ. ನಿಧಾನ ಮಾಡ್ಲಿ ಅಂದ್ರೆ ಅಷ್ಟರಲ್ಲಿ ಮುಗಿಸ್ತಾನೆ ಅಂದ್ಕೊಂಡೆ... ನನ್ನ ಕೈಯಾರೆ ನನ್ನ ಮಗನ್ನ..." ನನಗೆ ಅವರ ಮೇಲೆ ಸಿಟ್ಟು ಬಂತು, ಕರುಳೂ ಚುರುಕ್ಕೆಂದಿತು. ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದೆ. ಅವಸರದಪ್ಪ ಮಣಿಕಟ್ಟು ಉಜ್ಜಿಕೊಳ್ಳುತ್ತ ಮೊದಲ ಬಾರಿಗೆ ಸದ್ದಿಲ್ಲದೆ ಬೆಂಚಿನ ಮೇಲೆ ಕೂತ.

"ಹೇಗೆ ಗೊತ್ತಾಯ್ತು ನಿನಗೆ?" ಇವರು ಗುಂಡಿಯೊಳಗಿನಿಂದಲೇ ಕೇಳಿದರು.

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

"ನಾನು ಸುಸ್ತಾಗಿದ್ದೀನಿ ಅಂತ ನೀವು ಹೇಳಿದ್ರಂತೆ. ನೀವು ಅಂಥ ಮಾತು ಆಡಲ್ವಲ್ಲ."

ಇವರ ಮುಖ ಸಪ್ಪಗಾಯಿತು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಆಮೇಲೆ ಕೇಳಿದರು: "ಮತ್ತೆ ಮೊನ್ನೆ... ಇವರ ಕೈಯಲ್ಲಿರೋ ಕೆಲಸ ಯಾರಿಗೂ ಬರಲ್ಲ ಅಂತ ನೀನು ಅಂದಿದ್ದು?"

ನನ್ನ ಕಣ್ಣು ತುಂಬಿತು. "ನಾನು ಅಂದಿಲ್ಲ ರೀ."

ಇಬ್ಬರೂ ವಾರವೆಲ್ಲ ಆ ಮುದುಕಿಯ ಮಾತು ತಿಂದು ಬದುಕಿದ್ದೆವು. ಇವರು ಪ್ಲಗ್ಗನ್ನು ಜೇಬಿಗಿಳಿಸಿ, ಮೇಲಿನಿಂದ ತಟ್ಟಿ ನೋಡಿಕೊಂಡರು. ಬ್ರಷ್ಷು ಎತ್ತಿಕೊಂಡರು. ಎದ್ದ ಕೈ ಕೊಂಡಿಯ ಹತ್ತಿರ ಹೋಗಿ ನಿಂತಿತು.

"ಇನ್ನೊಂದು ಪಿನ್ನಿದೆ" ಎಂದರು. ಅಮ್ಮನ ಕಡೆ ತಿರುಗಲಿಲ್ಲ, ನನ್ನನ್ನೇ ನೋಡಿ ಹೇಳಿದರು. "ನೀನು ಎಲ್ಲೂ ಹೋಗ್ಬೇಡ. ಇಲ್ಲೇ ಕೂತಿರು."